ಸೌಟು ಹಿಡಿದ ಮೂರು ಶನಿವಾರ

ನಮ್ಮೂರ ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಹಳೇ ವಿದ್ಯಾರ್ಥಿಗಳು ಸೇರಿ ಮಧ್ಯಾಹ್ನ ಊಟ ಹಾಕ್ತಾರೆ. ಮೂರು ಶನಿವಾರದಿಂದ ನಾನೂ ಹೋಗ್ತಿದ್ದೀನಿ. ಮೊದಲ ದಿನ ಈರುಳ್ಳಿ ಹೆಚ್ಚಿ ಅತ್ತಿದ್ದೇ ಬಂತು. ಆಮೇಲೆ ಸಾಂಬಾರ್ ಸೌಟು ಕೈಗೆ ಕೊಟ್ರು.

ಹಸಿವು ಅಂದ್ರೆ ಬರೀ ಬಡತನ ಅಂದ್ಕೊಂಡಿದ್ದೆ. ಇಲ್ಲಿ ಅದರ ಹೆಸರು ಆರೂವರೆ ಬಸ್ಸು. ಅದು ತಪ್ಪಿದ್ರೆ ಮೊದಲ ಕ್ಲಾಸ್ ಇಲ್ಲ, ಹಿಡಿದ್ರೆ ತಿಂಡಿ ಇಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹುಡುಗೀರಿಗೆ ಬಸ್ ಚಾರ್ಜ್ ಉಳೀತು, ಬಸ್ಸಿನ ಟೈಮ್ ಮಾತ್ರ ಹಾಗೇ ಇದೆ.

ಹತ್ತನೇ ಕ್ಲಾಸಿನವರೆಗೆ ಅಕ್ಷರ ದಾಸೋಹದ ಬಿಸಿಯೂಟ, ಹಾಲು, ಮೊಟ್ಟೆ. ಪಿಯುಸಿಗೆ ಕಾಲಿಟ್ಟ ದಿನವೇ ತಟ್ಟೆ ಮಾಯ. ಹದಿನಾರಕ್ಕೆ ಹಸಿವು ನಿಂತುಹೋಗುತ್ತೆ ಅಂತ ಯಾರು ಲೆಕ್ಕ ಹಾಕಿದ್ರೋ!

ನಿನ್ನೆ ಒಬ್ಬಳು ಅರ್ಧ ಅನ್ನ ಉಂಡು, ಉಳಿದಿದ್ದನ್ನ ಸ್ಟೀಲ್ ಡಬ್ಬಿಗೆ ಹಾಕ್ಕೊಂಡು ದುಪಟ್ಟಾ ಮುಚ್ಚಿದಳು. ನೋಡಿಯೂ ನೋಡದ ಹಾಗೆ ಪಕ್ಕದ ಅಡುಗೆಯಮ್ಮ, "ತಳದಲ್ಲಿ ಮಿಕ್ಕಿದೆ, ಯಾರಿಗಾದ್ರೂ ಬೇಕೇನ್ರೋ" ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿದ್ರು. ಏಳೆಂಟು ಡಬ್ಬಿ ಮುಂದೆ ಬಂದವು. ಅವಳದ್ದೂ.

ಮುಂದಿನ ವಾರ ಚಿತ್ರಾನ್ನವಂತೆ. ಈರುಳ್ಳಿ ಮತ್ತೆ ನನ್ನ ಪಾಲಿಗೇ.