ದುಃಖಕ್ಕೆ ಅಂಕ ಹಾಕುವ ಕೆಲಸ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ‘ಆಸ್ಪತ್ರೆಯಲ್ಲಿ’ ಎಂದಷ್ಟೇ ಹೇಳಿ ಮಾತು ಮುಗಿಸುತ್ತೇನೆ. ಪೂರ್ತಿ ಹೇಳಲು ಹೊರಟರೆ ಕೇಳಿದವರು ಅನುಮಾನದಿಂದ ನೋಡತೊಡಗುತ್ತಾರೆ. ಮನೋರೋಗಗಳಿಗೆ ಹೊಸ ಔಷಧ ಪರೀಕ್ಷಿಸುವ ಪ್ರಯೋಗಗಳಲ್ಲಿ ಭಾಗವಹಿಸುವವರನ್ನು ಎದುರಿಗೆ ಕೂರಿಸಿಕೊಂಡು, ಅರ್ಧ ಗಂಟೆ ಮಾತನಾಡಿಸಿ, ಅವರ ಖಿನ್ನತೆ ಎಷ್ಟು, ಭ್ರಮೆ ಎಷ್ಟು ಎಂದು ಅಂಕ ಹಾಕುವುದು ನನ್ನ ಕೆಲಸ. ನಾನು ವೈದ್ಯೆಯಲ್ಲ. ಔಷಧ ಬರೆಯುವುದಿಲ್ಲ, ಸಲಹೆ ಕೊಡುವಂತಿಲ್ಲ, ಸಮಾಧಾನ ಹೇಳುವುದಕ್ಕೂ ಮಿತಿ ಇದೆ. ‘ಖಿನ್ನತೆಗೆ ಹೊಸ ಮದ್ದು’ ಎಂಬ ಸುದ್ದಿ ಬಂದಾಗ ಅದರೊಳಗಿನ ಸಂಖ್ಯೆ ಹುಟ್ಟಿರುವುದು ನನ್ನಂಥವರು ಕೂರುವ ಕೋಣೆಗಳಲ್ಲಿ.

ಇಂಥ ಸುದ್ದಿಯ ಕೊಂಡಿಗಳನ್ನು ಸ್ನೇಹಿತರು ಕಳಿಸುತ್ತಲೇ ಇರುತ್ತಾರೆ. ಇದು ನಿಜವೇ, ನಮ್ಮವರಿಗೆ ಆಗುತ್ತದೆಯೇ ಎಂದು ಕೇಳುತ್ತಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಔಷಧ ನುಂಗಿದವರಿಗೆ ಎಷ್ಟು ಗುಣವಾಯಿತು ಎಂಬುದನ್ನು ಆಮೇಲೆ ನೋಡಿ, ಹುಸಿಗುಳಿಗೆ ನುಂಗಿದವರಿಗೆ ಏನಾಯಿತು ಎಂದು ಮೊದಲು ಹುಡುಕಿ. ಹುಸಿಗುಳಿಗೆ ಎಂದರೆ ಪ್ಲಾಸಿಬೊ. ನೋಡಲು ಔಷಧದಂತೆಯೇ ಇದ್ದು ಒಳಗೆ ಮದ್ದೇ ಇಲ್ಲದ ಗುಳಿಗೆ.

ಖಿನ್ನತೆಗೆ ನಾವು ಹೆಚ್ಚಾಗಿ ಬಳಸುವ ಅಳತೆಗೋಲುಗಳಲ್ಲಿ ಒಂದನ್ನು ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ ಪ್ರಕಟಿಸಿದ್ದು 1960ರಲ್ಲಿ. ಅದರಲ್ಲಿ 17 ಅಂಶಗಳಿವೆ, ಗರಿಷ್ಠ 52 ಅಂಕ. ಹೆಚ್ಚು ಅಂಕವೆಂದರೆ ಹೆಚ್ಚು ಕಾಯಿಲೆ. 7ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಕಾಯಿಲೆ ಶಮನವಾಗಿದೆ ಎಂದು ಲೆಕ್ಕ. ನಿದ್ದೆಗೇ ಮೂರು ಪ್ರಶ್ನೆಗಳಿವೆ: ಮಲಗಿದ ಮೇಲೆ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು, ನಡುರಾತ್ರಿ ಎಚ್ಚರವಾಗುತ್ತದೆಯೇ, ಬೆಳಗಿನ ಜಾವ ಕಣ್ಣು ಬಿಟ್ಟರೆ ಮತ್ತೆ ಮುಚ್ಚಲು ಆಗುತ್ತದೆಯೇ. ತಲಾ 2ರಂತೆ 6 ಅಂಕ. ಮನಸ್ಸಿನ ಭಾರವನ್ನು ಎಳ್ಳಷ್ಟೂ ಇಳಿಸದೆ ಬರೀ ನಿದ್ದೆ ಬರಿಸುವ ಗುಳಿಗೆಯೂ ಈ 6 ಅಂಕ ಕೆಳಗಿಳಿಸಬಹುದು. ಇನ್ನೊಂದು ತುದಿಯಲ್ಲಿ, ಹಗಲು ರಾತ್ರಿ ಹಾಸಿಗೆ ಬಿಟ್ಟೇಳದೆ ಮಲಗುವವರು, ಹಸಿವಿಲ್ಲದಿದ್ದರೂ ತಿನ್ನುತ್ತಲೇ ಇರುವವರು ಇದ್ದಾರೆ. ಅದೂ ಖಿನ್ನತೆಯ ಒಂದು ಮುಖವೇ. ಆದರೆ ಈ 17 ಅಂಶಗಳಲ್ಲಿ ಅತಿ ನಿದ್ದೆಗೂ ಅತಿ ತಿನ್ನುವಿಕೆಗೂ ಜಾಗವೇ ಇಲ್ಲ. ಅವರ ನಿದ್ದೆಯ ಸಾಲುಗಳಲ್ಲಿ ನಾನು ಮೂರು ಸೊನ್ನೆ ಬರೆಯುತ್ತೇನೆ. ಬರೆಯುವಾಗ ಪ್ರತಿ ಸಲವೂ ಸಿಟ್ಟು ಬರುತ್ತದೆ.

ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ ಸ್ಕಿಜೋಫ್ರೇನಿಯಾಕ್ಕೆ ಬೇರೆ ಅಳತೆ, ‘ಪ್ಯಾನ್ಸ್’ ಎನ್ನುತ್ತೇವೆ. 1987ರಲ್ಲಿ ಬಂದದ್ದು. 30 ಅಂಶಗಳು, ಒಂದೊಂದಕ್ಕೂ 1ರಿಂದ 7. ಸೊನ್ನೆ ಎಂಬುದೇ ಇಲ್ಲದಿರುವುದರಿಂದ ಯಾವ ಲಕ್ಷಣವೂ ಇಲ್ಲದ ಮನುಷ್ಯನಿಗೂ 30 ಬರುತ್ತದೆ, ಖಾಲಿ ಉತ್ತರಪತ್ರಿಕೆಗೆ ಅಂಕ ಕೊಟ್ಟ ಹಾಗೆ. ‘ಲಕ್ಷಣಗಳು ಶೇಕಡ ಇಷ್ಟು ಕಡಿಮೆಯಾದವು’ ಎಂದು ಬರೆಯುವವರು ಆ 30ನ್ನು ಮೊದಲು ಕಳೆದಿದ್ದಾರೆಯೇ ಎಂದು ನೋಡಬೇಕು. ಕಳೆಯದಿದ್ದರೆ ಗುಣವಾದದ್ದು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಇಷ್ಟು ಹಳೆಯ ಪ್ರಶ್ನಾವಳಿಗಳನ್ನು ಈಗಲೂ ಏಕೆ ಹಿಡಿದುಕೊಂಡಿದ್ದೀರಿ ಎಂದು ಕೇಳಬಹುದು. ಬೇರೆ ದಾರಿ ಇನ್ನೂ ಸಿಕ್ಕಿಲ್ಲ. ವಂಶವಾಹಿ ಸಂಶೋಧನೆ ನಿಜಕ್ಕೂ ಬೆರಗುಗೊಳಿಸುವ ವೇಗದಲ್ಲಿ ನಡೆದಿದೆ. 2022ರಲ್ಲಿ ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿದ 287 ತಾಣಗಳನ್ನು ವಂಶವಾಹಿಗಳಲ್ಲಿ ಗುರುತಿಸಿದರು. 2025ರಲ್ಲಿ ಖಿನ್ನತೆಗೆ ಸಂಬಂಧಿಸಿದ 697 ವ್ಯತ್ಯಾಸಗಳು ಸಿಕ್ಕವು, ಅದಕ್ಕಾಗಿ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಖಿನ್ನತೆಯವರ ಮಾಹಿತಿ ಸೇರಿಸಿದ್ದರು. ಆದರೆ ಒಂದೊಂದು ವ್ಯತ್ಯಾಸದ ಪಾಲೂ ತೀರಾ ಸಣ್ಣದು. ನನ್ನೆದುರು ಕುಳಿತವರ ರಕ್ತ ತೆಗೆದು ಕಳೆದ ವಾರಕ್ಕಿಂತ ಈ ವಾರ ಖಿನ್ನತೆ ಇಳಿದಿದೆಯೇ ಎಂದು ಹೇಳಬಲ್ಲ ಪರೀಕ್ಷೆ ಇಂದಿಗೂ ಇಲ್ಲ. ಹಾಗಾಗಿ ಕುರ್ಚಿ ಎರಡು, ಪ್ರಶ್ನಾವಳಿ ಒಂದು, ಪೆನ್ನು ಒಂದು.

ಕೋಣೆಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ. ನಡುವಯಸ್ಸಿನ ಗಂಡಸು. ಅಂಗಿಯ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದಾರೆ. ಕೆಲಸ ಮತ್ತು ಆಸಕ್ತಿಯ ಪ್ರಶ್ನೆಗೆ ಬಂದೆವು.

‘ಈ ವಾರ ಕೆಲಸಕ್ಕೆ ಹೋದಿರಾ?’

‘ದಿನವೂ ಹೋದೆ ಮೇಡಂ. ಒಂದು ದಿನವೂ ತಪ್ಪಿಸಲಿಲ್ಲ.’

ಇಲ್ಲಿಗೇ ನಿಲ್ಲಿಸಿದರೆ 0. ‘ಹೋಗಿ ಏನು ಮಾಡಿದಿರಿ?’ ಎಂದೆ. ಅವರು ಬಹಳ ಹೊತ್ತು ಮೇಜಿನ ಅಂಚನ್ನು ನೋಡಿದರು. ‘ಕಂಪ್ಯೂಟರ್ ಹಾಕುತ್ತೇನೆ. ಸಂಜೆ ಆರಿಸುತ್ತೇನೆ.’ ನಡುವೆ? ‘ನಡುವೆ ಯಾರಾದರೂ ಬಂದರೆ ಟೈಪ್ ಮಾಡುವವನಂತೆ ಕಾಣಬೇಕಲ್ಲ, ಅದೊಂದು ಕಷ್ಟ.’ 3 ಬರೆದೆ. ಒಂದೇ ಒಂದು ಹೆಚ್ಚಿನ ಪ್ರಶ್ನೆಗೆ ಮೂರು ಅಂಕದ ಅಂತರ.

ಈ ಕಾರಣಕ್ಕೇ ನಮಗೆ ತರಬೇತಿ ಮುಗಿಯುವುದೇ ಇಲ್ಲ. ಒಂದೇ ಸಂದರ್ಶನದ ವಿಡಿಯೊವನ್ನು ಎಲ್ಲರಿಗೂ ತೋರಿಸಿ ಅಂಕ ಹಾಕಿಸುತ್ತಾರೆ. ಒಬ್ಬರು 19 ಎಂದರೆ ಇನ್ನೊಬ್ಬರು 25 ಎನ್ನುತ್ತಾರೆ, ಆಮೇಲೆ ಸಾಲು ಸಾಲಾಗಿ ವಾದ. ‘ಬಿಡಿ, ಬದುಕೇ ಬೇಡ ಅನ್ನಿಸಿಬಿಟ್ಟಿದೆ’ ಎಂದು ನಗುತ್ತಾ ಹೇಳಿದ ಮಾತಿಗೆ ಎಷ್ಟು ಎಂದು ಹನ್ನೆರಡು ಜನ ವಯಸ್ಕರು ಜಗಳವಾಡುವುದನ್ನು ಹೊರಗಿನವರು ಕೇಳಿದರೆ ಏನೆಂದುಕೊಂಡಾರೋ.

ಇನ್ನೊಂದು ನಿಯಮವಿದೆ. ಎದುರಿಗಿರುವವರಿಗೆ ಔಷಧ ಸಿಕ್ಕಿದೆಯೋ ಹುಸಿಗುಳಿಗೆಯೋ ಎಂಬುದು ನನಗೆ ಗೊತ್ತಾಗಬಾರದು. ಅಡ್ಡಪರಿಣಾಮಗಳನ್ನು ಬೇರೆಯವರು ಕೇಳಿ ಬರೆದುಕೊಳ್ಳುತ್ತಾರೆ. ‘ಗುಳಿಗೆ ಶುರುವಾದಾಗಿನಿಂದ ಬಾಯಿ ಒಣಗುತ್ತಿದೆ’ ಎಂದು ಯಾರಾದರೂ ಶುರು ಮಾಡಿದರೆ ನಾನು ಕೈ ಎತ್ತಿ ನಿಲ್ಲಿಸಬೇಕು. ಒಣಗಿದ ಬಾಯಿಯ ಸುದ್ದಿ ಕಿವಿಗೆ ಬಿದ್ದರೆ ‘ಓ, ಇವರಿಗೆ ನಿಜವಾದದ್ದೇ ಸಿಕ್ಕಿದೆ’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ, ಪೆನ್ನು ಅದರ ಹಿಂದೆಯೇ ಹೋಗುತ್ತದೆ.

ಹಾಗಿದ್ದರೆ ಹುಸಿಗುಳಿಗೆಯವರಿಗೆ ಏನಾಗುತ್ತದೆ? ಗುಣವಾಗುತ್ತದೆ, ಸಾಕಷ್ಟು ಜನರಿಗೆ. ವಾರವಾರ ಬರುತ್ತಾರೆ, ಹೆಸರು ಹಿಡಿದು ಮಾತನಾಡಿಸುವವರಿದ್ದಾರೆ, ಅರ್ಧ ಗಂಟೆ ಒಬ್ಬರು ಫೋನು ಮುಟ್ಟದೆ ಅವರ ಮಾತು ಕೇಳುತ್ತಾರೆ. ಎಷ್ಟೋ ಜನರಿಗೆ ಹಿಂದೆ ಎಲ್ಲಿಯೂ ಅಷ್ಟು ಸಿಕ್ಕಿರುವುದಿಲ್ಲ. ಜೊತೆಗೆ ಖಿನ್ನತೆ ತಾನಾಗಿಯೂ ಏರಿಳಿಯುತ್ತದೆ. ತೀರಾ ಕೆಟ್ಟ ವಾರದಲ್ಲಿ ಸೇರಿಕೊಂಡವರಿಗೆ ಮುಂದಿನ ವಾರಗಳು ಸಹಜವಾಗಿಯೇ ಸ್ವಲ್ಪ ಉತ್ತಮ. ಇದಲ್ಲದೆ ಬಾಯಿ ಬಿಟ್ಟು ಹೇಳದ ಇನ್ನೊಂದು ಕಾರಣವಿದೆ. ಪ್ರಯೋಗಕ್ಕೆ ಸೇರಲು ಕನಿಷ್ಠ ಇಷ್ಟು ಅಂಕ ಇರಬೇಕು ಎಂಬ ಷರತ್ತಿದ್ದರೆ, ಸೇರಿಸಿಕೊಳ್ಳುವ ಆತುರದಲ್ಲಿ ಆ ದಿನದ ಅಂಕ ಒಂದೆರಡು ಮೇಲೇರಿರುತ್ತದೆ. ಸೇರಿದ ಮೇಲೆ ಆ ಏರಿಕೆ ಇಳಿಯುತ್ತದೆ, ಇಳಿದದ್ದು ಚಿಕಿತ್ಸೆಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ಈಗ ಹಲವು ಪ್ರಯೋಗಗಳಲ್ಲಿ ಕನಿಷ್ಠ ಅಂಕ ಎಷ್ಟೆಂದು ನಮಗೆ ಹೇಳುವುದಿಲ್ಲ. ಇಲ್ಲವೇ ದೂರದಲ್ಲಿ ಕುಳಿತ ಬೇರೊಬ್ಬರು ವಿಡಿಯೊ ಕರೆಯಲ್ಲಿ ಅಂಕ ಹಾಕುತ್ತಾರೆ. ಒಳ್ಳೆಯ ಏರ್ಪಾಡು. ನನ್ನ ಕೆಲಸಕ್ಕೆ ಕುತ್ತು ಬಂದರೂ ಒಪ್ಪುತ್ತೇನೆ.

2022ರಲ್ಲಿ ಬಂದ ಒಂದು ವಿಶ್ಲೇಷಣೆ ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಗೆ ಸಲ್ಲಿಕೆಯಾಗಿದ್ದ 232 ಖಿನ್ನತೆ ಪ್ರಯೋಗಗಳ 73,388 ಜನರ ಅಂಕಗಳನ್ನು ಬರೀ ಸರಾಸರಿಯಾಗಿ ನೋಡದೆ ಒಬ್ಬೊಬ್ಬರದಾಗಿ ನೋಡಿದರು. ಔಷಧದವರಿಗೆ ಸರಾಸರಿ 10ರ ಹತ್ತಿರ ಅಂಕ ಇಳಿದಿತ್ತು, ಹುಸಿಗುಳಿಗೆಯವರಿಗೆ 8. ನಡುವಿನ ಅಂತರ 2 ಅಂಕವೂ ಇಲ್ಲ. ನಿದ್ದೆಯ 6 ಅಂಕಗಳನ್ನು ನೆನಪಿಸಿಕೊಂಡರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಇಷ್ಟನ್ನೇ ಹಿಡಿದು ‘ಖಿನ್ನತೆ ಮಾತ್ರೆಗಳೆಲ್ಲ ಮೋಸ’ ಎನ್ನುವವರಿದ್ದಾರೆ. ಅವರು ಮುಂದಿನ ಪುಟ ಓದುವುದಿಲ್ಲ. ಆ ಸಣ್ಣ ಸರಾಸರಿಯ ಒಳಗೆ ಸುಮಾರು ಶೇ 15ರಷ್ಟು ಜನ ಹುಸಿಗುಳಿಗೆಯಿಂದ ಸಿಗಲಾರದಷ್ಟು ದೊಡ್ಡ ಚೇತರಿಕೆ ಕಂಡಿದ್ದಾರೆ. ಎಲ್ಲರಿಗೂ ಎರಡೆರಡು ಅಂಕ ಹಂಚಿದ್ದಲ್ಲ ಅದು. ಕೆಲವರಿಗೆ ಬದುಕು ಮರಳಿ ಸಿಕ್ಕಿದೆ, ಹಲವರಿಗೆ ಹುಸಿಗುಳಿಗೆಯಷ್ಟೇ ಸಿಕ್ಕಿದೆ. ಆ ಶೇ 15ರಲ್ಲಿ ಯಾರಿರುತ್ತಾರೆ ಎಂದು ಮೊದಲೇ ಹೇಳುವ ವಿದ್ಯೆ ಇನ್ನೂ ಕೈಗೆ ಬಂದಿಲ್ಲ. ಹತ್ತು ಹೊಸ ಔಷಧಗಳಿಗಿಂತ ಆ ವಿದ್ಯೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಈಗ ಇತ್ತೀಚಿನ ಸುದ್ದಿಗಳಿಗೆ ಬರೋಣ. ಸ್ಕಿಜೋಫ್ರೇನಿಯಾದಲ್ಲಿ ನಿಜವಾಗಿಯೂ ಹೊಸದೊಂದು ನಡೆದಿದೆ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆ ಶುರುವಾದಂದಿನಿಂದ ಬಂದ ಔಷಧಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್‌ನ ಗ್ರಾಹಕಗಳ, ಅಂದರೆ ಆ ಸಂದೇಶ ಹಿಡಿಯುವ ತಾಣಗಳ, ಮೇಲೆಯೇ ಕೆಲಸ ಮಾಡುತ್ತಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟ ಕೊಬೆನ್ಫಿ ಹಿಡಿದದ್ದು ಬೇರೆ ದಾರಿ, ಅಸಿಟೈಲ್‌ಕೊಲಿನ್ ಎಂಬ ಇನ್ನೊಂದು ಸಂದೇಶವಾಹಕವನ್ನು ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳದ್ದು. ಅದರಲ್ಲಿರುವ ಝ್ಯಾನೊಮೆಲಿನ್ ಹೊಸ ವಸ್ತುವೇನಲ್ಲ. 1990ರ ದಶಕದಲ್ಲಿ ಆಲ್‌ಝೈಮರ್ ಕಾಯಿಲೆಗೆಂದು ಅದನ್ನು ಪರೀಕ್ಷಿಸಿದ್ದರು. ಆಗಲೇ ರೋಗಿಗಳ ಭ್ರಮೆಗಳು ಕಡಿಮೆಯಾಗುವುದು ಕಂಡಿತ್ತು. ಆದರೆ ವಾಂತಿ, ಭೇದಿ ತಡೆಯಲಾರದೆ ಕೈಬಿಟ್ಟರು. ಮುಂದೆ ಯಾರಿಗೋ ಹೊಳೆಯಿತು: ಮೂತ್ರಕೋಶದ ತೊಂದರೆಗೆ ಕೊಡುವ ಟ್ರೋಸ್ಪಿಯಂ ಮಿದುಳಿನೊಳಗೆ ಹೋಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮಿದುಳಿನ ಹೊರಗೆ, ಹೊಟ್ಟೆಯಲ್ಲೂ, ಅದೇ ಗ್ರಾಹಕಗಳನ್ನು ತಡೆಯುತ್ತದೆ. ಎರಡನ್ನೂ ಒಂದೇ ಕ್ಯಾಪ್ಸೂಲಿಗೆ ಹಾಕಿದರು. ಐದು ವಾರಗಳ ಒಂದು ಮುಖ್ಯ ಪ್ರಯೋಗದಲ್ಲಿ ಔಷಧದವರಿಗೆ ಪ್ಯಾನ್ಸ್ 21.2 ಅಂಕ ಇಳಿಯಿತು, ಹುಸಿಗುಳಿಗೆಯವರಿಗೆ 11.6. ಅಂತರ 9.6. ಈ ಕ್ಷೇತ್ರದಲ್ಲಿ ಅದು ಒಳ್ಳೆಯ ಅಂತರ. ಹಳೆಯ ಔಷಧಗಳು ತರುವ ತೂಕ ಏರಿಕೆ, ಕೈಕಾಲು ಬಿಗಿತಗಳು ಇದರಲ್ಲಿ ಅಷ್ಟಾಗಿ ಕಾಣಲಿಲ್ಲ. ಓಕರಿಕೆ, ಮಲಬದ್ಧತೆ ಉಳಿದುಕೊಂಡವು.

ಅದೇ ವರ್ಷದ ನವೆಂಬರ್‌ನಲ್ಲಿ ಅದೇ ದಾರಿಯ ಇನ್ನೊಂದು ಔಷಧ, ಎಮ್ರಾಕ್ಲಿಡಿನ್, ಎರಡು ಪ್ರಯೋಗಗಳಲ್ಲಿ ಸೋತಿತು. ಸೋಲಿಸಿದ್ದು ಹುಸಿಗುಳಿಗೆ: ಒಂದರಲ್ಲಿ ಅದರವರಿಗೆ 13.5, ಇನ್ನೊಂದರಲ್ಲಿ 16.1 ಅಂಕ ಇಳಿದಿತ್ತು. ಅಷ್ಟು ಇಳಿದ ಮೇಲೆ ಔಷಧ ಮೇಲುಗೈ ತೋರಿಸಲು ಜಾಗ ಎಲ್ಲಿದೆ? ಔಷಧವೇ ನಿಸ್ಸಾರವೋ, ಪ್ರಯೋಗ ನಡೆಸಿದ ರೀತಿಯಲ್ಲೇ ಲೋಪವೋ ಎಂದು ನಮ್ಮಂಥವರು ಇಂದಿಗೂ ಊಟದ ಹೊತ್ತಿನಲ್ಲಿ ವಾದಿಸುತ್ತೇವೆ. 2025ರ ಏಪ್ರಿಲ್‌ನಲ್ಲಿ ಕೊಬೆನ್ಫಿಯನ್ನೂ ಹಳೆಯ ಔಷಧದ ಜೊತೆಗೆ ಸೇರಿಸಿ ಕೊಟ್ಟ ಪ್ರಯೋಗದ ಫಲಿತಾಂಶ ಬಂತು: ಅಂತರ ಸುಮಾರು 2 ಅಂಕ, ಬರೀ ಆಕಸ್ಮಿಕವಲ್ಲ ಎನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಒಪ್ಪಿಗೆಯ ಸುದ್ದಿಯನ್ನು ನನಗೆ ಕಳಿಸಿದವರಲ್ಲಿ ಒಬ್ಬರೂ ಇದನ್ನು ಕಳಿಸಲಿಲ್ಲ.

ಅರಿವಳಿಕೆ ಮದ್ದಾಗಿದ್ದು ಈಗ ಖಿನ್ನತೆಗೂ ಬಳಸುವ ಕೆಟಮಿನ್ ವಿಷಯದಲ್ಲಿ ತೊಡಕು ಬೇರೆ. ಅದನ್ನು ಪಡೆದವರಿಗೆ ಮೈ ತೇಲಿದಂತಾಗುತ್ತದೆ, ತಾನು ತನ್ನಿಂದ ಹೊರಗಿರುವಂತೆ ಅನ್ನಿಸುತ್ತದೆ. ಸಿಕ್ಕಿದ್ದು ಹುಸಿಯಲ್ಲ ಎಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗಿಬಿಡುತ್ತದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಖಿನ್ನತೆಯಿದ್ದು, ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಬಂದಿದ್ದ 40 ಜನರಿಗೆ ಅರಿವಳಿಕೆಯಲ್ಲಿರುವಾಗಲೇ ಅರ್ಧದಷ್ಟು ಜನಕ್ಕೆ ಕೆಟಮಿನ್, ಉಳಿದವರಿಗೆ ಬರೀ ಲವಣದ್ರಾವಣ. ಎರಡೂ ಗುಂಪಿನ ಖಿನ್ನತೆಯ ಅಂಕ ಹತ್ತಿರಹತ್ತಿರ ಅರ್ಧಕ್ಕಿಳಿಯಿತು, ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ. ಚೇತರಿಸಿಕೊಂಡವರು ತಮಗೆ ಸಿಕ್ಕಿದ್ದು ಕೆಟಮಿನ್ನೇ ಎಂದು ಊಹಿಸಿದ್ದರು. ಕೆಟಮಿನ್ ಕೆಲಸ ಮಾಡುವುದಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಗುಂಪು ಸಣ್ಣದು, ಅರಿವಳಿಕೆಯ ಪಾತ್ರವೂ ಇರಬಹುದು. ಆದರೂ ಆ ಪ್ರಬಂಧ ಓದಿದ ದಿನ ನಾನು ಬೇರೇನೂ ಓದಲಿಲ್ಲ. ಆಘಾತದ ನಂತರದ ಮಾನಸಿಕ ತೊಂದರೆಗೆ ಎಂಡಿಎಂಎ (‘ಎಕ್ಸ್ಟಸಿ’ ಎಂಬ ಅಮಲುಮದ್ದು) ಬಳಸುವ ಪ್ರಸ್ತಾವವನ್ನು 2024ರ ಆಗಸ್ಟ್‌ನಲ್ಲಿ ಎಫ್‌ಡಿಎ ತಿರಸ್ಕರಿಸಿತು. ತಜ್ಞರ ಸಮಿತಿ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದಾಗಿತ್ತು: ಯಾರಿಗೆ ಏನು ಸಿಕ್ಕಿತೆಂದು ಬಹುತೇಕ ಎಲ್ಲರಿಗೂ ಗೊತ್ತಾಗಿತ್ತು.

ಇಷ್ಟೆಲ್ಲ ಬರೆದದ್ದನ್ನು ಓದಿ ಯಾರೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನಿಲ್ಲಿಸಬೇಡಿ. ಸರಾಸರಿ ಅಂಕಗಳು ನಿಮ್ಮೊಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮಾತ್ರೆಯಿಂದ ನೀವು ನೆಟ್ಟಗೆ ನಿಂತಿದ್ದರೆ ಆ ಶೇ 15ರಲ್ಲಿ ನೀವೂ ಒಬ್ಬರಿರಬಹುದು. ಥಟ್ಟನೆ ನಿಲ್ಲಿಸಿದರೆ ಆಗುವ ತೊಂದರೆ ಬೇರೆಯೇ ಒಂದು ಬರಹಕ್ಕಾಗುವಷ್ಟಿದೆ.

ಮೊನ್ನೆ ಒಬ್ಬರು ಅಣ್ಣನನ್ನು ಪ್ರಯೋಗಕ್ಕೆ ಸೇರಿಸಲೇ ಎಂದು ಕೇಳಿದರು. ಸೇರಿಸಿ ಎಂದೂ ಬೇಡ ಎಂದೂ ಹೇಳಲಿಲ್ಲ. ಸಹಿ ಹಾಕುವ ಮೊದಲು ಅಣ್ಣ ಕೇಳಬೇಕಾದ ಮೂರು ಮಾತು ಹೇಳಿಕೊಟ್ಟೆ. ಹುಸಿಗುಳಿಗೆ ಸಿಗುವ ಸಾಧ್ಯತೆ ಎಷ್ಟು? ಈಗಿನ ಔಷಧ ನಿಲ್ಲಿಸಬೇಕೇ, ನಿಲ್ಲಿಸಿ ಕಾಯಿಲೆ ಕೆರಳಿದರೆ ನಡುರಾತ್ರಿ ಯಾರಿಗೆ ಫೋನು ಮಾಡಬೇಕು? ಹೊಸ ಔಷಧದಿಂದ ಗುಣವಾಯಿತು ಎಂದಿಟ್ಟುಕೊಳ್ಳೋಣ, ಪ್ರಯೋಗ ಮುಗಿದ ಮರುದಿನದಿಂದ ಅದನ್ನು ಕೊಡುವವರು ಯಾರು? ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು, ಒಪ್ಪಿಗೆ ಪತ್ರದಲ್ಲಿ ಬರೆದಿದೆಯೇ ನೋಡಿ ಎಂದೂ ಹೇಳಿದ್ದೇನೆ.