ಪಾದ್ರಿ ಬೇಡವೆಂದ ಸಾಕ್ಷಿ

ಬೆಲ್ಜಿಯಂನಲ್ಲಿ ನಾನಿರುವ ಊರು ಲೂವೆನ್. ಜಾರ್ಜ್ ಲೆಮೈತ್ರ್ ಓದಿದ್ದು, ಪಾಠ ಹೇಳಿದ್ದು ಇಲ್ಲೇ. ಅವರು ಭೌತವಿಜ್ಞಾನಿ, ಜೊತೆಗೆ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಎಲ್ಲವೂ ಒಂದು 'ಆದಿ ಅಣು'ವಿನಿಂದ ಶುರುವಾಗಿರಬೇಕು ಅಂತ 1931ರಲ್ಲಿ ಹೇಳಿದರು. ಬಿಗ್ ಬ್ಯಾಂಗ್‌ನ ಬೇರು ಅದು.

ಗೌರಿಬಿದನೂರಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದ್ದೇ ತಡ, "ನೋಡಿದ್ರಾ, ವಿಜ್ಞಾನವೂ ದೇವರನ್ನ ಒಪ್ಪಿದೆ" ಅಂತ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು.

ಅದೇ ಮಾತನ್ನು 1951ರಲ್ಲಿ ಪೋಪ್ 12ನೇ ಪಿಯುಸ್ ಹೆಚ್ಚುಕಡಿಮೆ ಆಡಿದ್ದರು. ಹೊಸ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಅನ್ನೋ ಧಾಟಿಯಲ್ಲಿ. ಪಾದ್ರಿಗೆ ಖುಷಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ, ಕಸಿವಿಸಿಯಾಯಿತು. ತನ್ನ ಸಿದ್ಧಾಂತಕ್ಕೂ ದೇವರ ಪ್ರಶ್ನೆಗೂ ಸಂಬಂಧವಿಲ್ಲ ಅನ್ನೋದು ಅವರ ನಿಲುವು. ನಂಬಿಕೆ ಬಿಡಲಿಲ್ಲ, ಆದರೆ ಅದಕ್ಕೆ ವಿಜ್ಞಾನದಿಂದ ಸರ್ಟಿಫಿಕೇಟ್ ಕೇಳಲೂ ಇಲ್ಲ. ನನಗೆ ಹಿಡಿಸಿದ್ದು ಇದು.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರೂ ಭೌತವಿಜ್ಞಾನದ ಮೇಷ್ಟ್ರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಒಂದು ಸಮಿತಿ ಮಾಡಿದರು. ನಮ್ಮ ಮುಂದೆ ಮಾಡಿ ತೋರಿಸಿ ಅಂತ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಬಾಬಾ ಪರೀಕ್ಷೆಗೆ ಬರಲಿಲ್ಲ. ಲೆಮೈತ್ರ್ ಥರ ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಬಹುದು, ಸರಿ. ಆದರೆ ಗಾಳಿಯಿಂದ ವಿಭೂತಿ ಬರುತ್ತೆ ಅಂದಮೇಲೆ ಅದು ಬರೀ ನಂಬಿಕೆಯಲ್ಲ, ಪರೀಕ್ಷೆ ಮಾಡಬಹುದಾದ ಮಾತು. ಅಲ್ಲಿ ರಾಜಿ ನನಗಂತೂ ಕಾಣುವುದಿಲ್ಲ.

ಗ್ರಹಣವೂ ಹಾಗೇ. ಗೌರಿಬಿದನೂರಿನ ಹತ್ತಿರ ಸೂರ್ಯನನ್ನು ಗಮನಿಸಲೆಂದೇ ರೇಡಿಯೊ ಆಂಟೆನಾಗಳ ಸಾಲು ನಿಂತಿದೆ. ಅಲ್ಲಿಂದ ಸ್ವಲ್ಪ ದೂರದ ನಮ್ಮ ಮನೆಯಲ್ಲಿ ಹಾಲು, ನೀರು, ಉಪ್ಪಿನಕಾಯಿ ಜಾಡಿ ಎಲ್ಲದಕ್ಕೂ ದರ್ಭೆ. ಹಾಕಿಕೊಳ್ಳಲಿ, ನನಗೇನು? ಆದರೆ ಒಂದು ಗ್ರಹಣದ ದಿನ ಬಸುರಿ ತಂಗಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗುಟುಕು ನೀರೂ ಕೊಟ್ಟಿರಲಿಲ್ಲ. ಫೋನಿನಲ್ಲಿ ನನಗೂ ಅಮ್ಮನಿಗೂ ಜೋರು ಜಗಳ. ಸೂರ್ಯ, ಚಂದ್ರ, ನೆರಳು ಅಂತ ಏನೇನೋ ಹೇಳಿದೆ. ಒಂದೂ ನಡೆಯಲಿಲ್ಲ.

"ಅಮ್ಮ, ದರ್ಭೆ ಹಾಕಿದ ಮೇಲೆ ನೀರಿಗೆ ದೋಷ ಇಲ್ಲ ತಾನೇ?" ಅಂತ ಕೇಳಿದೆ.

"ಇಲ್ಲ ಕಣಪ್ಪ."

"ಮತ್ತೆ ಅದನ್ನೇ ಕೊಡು."

ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ "ಏಯ್, ಆ ಚೊಂಬು ತಗೊಂಬಾ" ಅಂತ ತಮ್ಮನನ್ನು ಕೂಗಿದರು.