ಕ್ರೇನ್ ಇಳಿಸುವ ಮೊದಲು ನೆಲಕ್ಕೆ ನೀರು ಹಾಕಿ ನೋಡಿ

ಶೆಡ್ ಖಾಲಿಯಾಗಿದೆ ಅಂತ ಸುದ್ದಿ ಹೊರಬಿದ್ದರೆ ಸಾಕು, ಸಲಹೆ ಕೊಡುವವರಿಗೆ ಬರ ಇಲ್ಲ. ಶಟಲ್ ಕೋರ್ಟ್ ಮಾಡಿ, ಕ್ಲೌಡ್ ಕಿಚನ್‌ಗೆ ಕೊಡಿ, ಹತ್ತು ನಿಮಿಷದ ಡೆಲಿವರಿಯವರಿಗೆ ಡಾರ್ಕ್ ಸ್ಟೋರ್, ಅಂದರೆ ಗಿರಾಕಿ ಒಳಗೆ ಬರದ ಅಂಗಡಿ ಮಾಡಿಕೊಡಿ. ಖಾಲಿ ಶೆಡ್, ಗೋಡೌನ್‌ಗಳನ್ನು ಬಾಡಿಗೆಗೆ ಕೊಡಿಸುವ ನಮ್ಮ ಆಫೀಸಿನಲ್ಲಂತೂ ಇದಕ್ಕೇ ಅಂತ ಒಂದು ಪಿಪಿಟಿ ಇದೆ. ಮೊದಲ ಸ್ಲೈಡಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್, ಹಳೇ ಪವರ್ ಸ್ಟೇಷನ್ನು 2000ದಲ್ಲಿ ಮ್ಯೂಸಿಯಂ ಆದದ್ದು. ಎರಡನೆಯದರಲ್ಲಿ ಮುಂಬೈ ಫೀನಿಕ್ಸ್ ಮಿಲ್ಲಿನ ಚಿಮಣಿ, ಸುತ್ತ ಮಾಲ್. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಸೆಕೆಂಡ್ ಸ್ಟೇಜಿನಲ್ಲಿ ಮಷಿನ್ ಶಾಪ್ ಮುಚ್ಚಿದ ಯಜಮಾನರಿಗೆ ಇದನ್ನು ತೋರಿಸಿದೆ. ಅವರು ಕೇಳಿದ್ದು ಇಷ್ಟೇ: "ತಿಂಗಳಿಗೆ ಎಷ್ಟು ಬರ್ತದಮ್ಮ? ಯಾವತ್ತಿಂದ ಬರ್ತದೆ?"

ಖಾಲಿ ಶೆಡ್ ಅಂದರೆ ಸುಮ್ನೆ ನಿಂತಿರುವ ಕಟ್ಟಡ ಅಂತ ಜನ ತಿಳಿದಿರುತ್ತಾರೆ. ಅದು ದಿನಾ ದುಡ್ಡು ತಿನ್ನುತ್ತದೆ. ಎಚ್‌ಟಿ, ಅಂದರೆ ಹೈ ಟೆನ್ಷನ್ ಕರೆಂಟ್ ಕನೆಕ್ಷನ್ ಇದ್ದರೆ ಒಂದು ಯೂನಿಟ್ ಸುಡದಿದ್ದರೂ ಲೋಡಿನ ಮೇಲೆ ಡಿಮ್ಯಾಂಡ್ ಚಾರ್ಜ್ ಬರುತ್ತದೆ. ವಾಚ್‌ಮ್ಯಾನ್ ಸಂಬಳ, ಟ್ಯಾಕ್ಸ್, ಶೀಟ್ ಸೋರಿದರೆ ರಿಪೇರಿ. ಗೋಡೌನ್‌ಗಳ ಕಥೆ ಇನ್ನೂ ಬೇರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಬೀಳುತ್ತಿದ್ದ ಸಿಎಸ್‌ಟಿ ತೆರಿಗೆ ಉಳಿಸೋಕೆ ಅಂತ ಕಂಪನಿಗಳು ಮೊದಲು ರಾಜ್ಯಕ್ಕೊಂದು ಗೋಡೌನ್ ಇಟ್ಟುಕೊಳ್ಳುತ್ತಿದ್ದವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಆ ಲೆಕ್ಕ ಮುಗಿಯಿತು. ದೊಡ್ಡವರೆಲ್ಲ ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ದೊಡ್ಡ ದೊಡ್ಡ ವೇರ್‌ಹೌಸ್‌ಗಳಿಗೆ ಹೋದರು. ಊರೊಳಗಿನ ಗಿಡ್ಡ ಮಾಡಿನ ಗೋಡೌನ್‌ಗಳನ್ನು ಕೇಳುವವರು ಕಮ್ಮಿಯಾದರು. ಅಂಥವನ್ನು ಬಾಡಿಗೆಗೆ ಏರಿಸುವುದೇ ನನ್ನ ಕೆಲಸ.

ಪೀಣ್ಯದ ಆ ಯಜಮಾನರ ಶೆಡ್ಡು ಮಾತ್ರ ಗಿಡ್ಡ ಅಲ್ಲ. ಎರಡು ಬೇ, ಅಂದರೆ ಕಂಬಗಳ ಸಾಲಿನ ನಡುವಿನ ಎರಡು ಅಂಕಣ, ಒಟ್ಟು 12,000 ಚದರಡಿ. ಮೊದಲನೇ ಬೇನಲ್ಲಿ ಐದು ಟನ್ ಇಒಟಿ ಕ್ರೇನ್, ತಲೆಯ ಮೇಲೆ ಹಳಿಯಲ್ಲಿ ಕರೆಂಟಿನಿಂದ ಓಡುವಂಥದ್ದು. ಮೊದಲು ಶಟಲ್ ಕೋರ್ಟಿನವರು ಬಂದರು. ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ, ಎಂಟು ಕೂರುತ್ತಿದ್ದವು. ಮೆಟ್ರೋ ಸ್ಟೇಷನ್ ಬೇರೆ ಹತ್ತಿರ. ಆದರೆ ಇಪ್ಪತ್ತು ಜನ ಕೆಲಸ ಮಾಡುತ್ತಿದ್ದ ಜಾಗಕ್ಕೆ ಸಂಜೆ ನೂರು ಜನ ಬಂದರೆ ಹೊರಬಾಗಿಲು ಎಲ್ಲಿ, ಗಾಡಿ ಎಲ್ಲಿ ನಿಲ್ಲಿಸಬೇಕು? 2017ರ ಡಿಸೆಂಬರಿನಲ್ಲಿ ಮುಂಬೈಯ ಕಮಲಾ ಮಿಲ್ಸ್ ಬೆಂಕಿಯಲ್ಲಿ 14 ಜನ ಸತ್ತರು, ಅದೂ ಹಳೇ ಮಿಲ್ ಕಾಂಪೌಂಡಿನಲ್ಲಿ ಎದ್ದ ಪಬ್‌ಗಳೇ. ಇರುವ ಒಂದೇ ಶಟರ್ ಬಾಗಿಲು ನೋಡಿ ಯಜಮಾನರು ಬೇಡ ಅಂದುಬಿಟ್ಟರು.

ಆಮೇಲೆ ಬಂದದ್ದು ಸೆಂಟ್ರಲ್ ಕಿಚನ್ ಪಾರ್ಟಿ. ಚದರಡಿಗೆ 34 ರೂಪಾಯಿ. ನಮ್ಮ ಮ್ಯಾನೇಜರ್ ಎಕ್ಸೆಲ್ ಶೀಟಿನಲ್ಲಿ ಆ ಸಾಲಿಗೆ ಹಸಿರು ಬಣ್ಣ ಬಳಿದೇಬಿಟ್ಟರು. ಅಡುಗೆ ಮಾಡುವ ಜಾಗದ ಮೇಲೆ ಗ್ರೀಸ್ ಹಚ್ಚಿದ ಕ್ರೇನ್ ಇರಬಾರದು ಅನ್ನುವುದು ಅವರ ಮೊದಲ ಷರತ್ತು. ಸರಿಯೇ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಇನ್‌ಸ್ಪೆಕ್ಷನ್ ಆಗುವ ಜಾಗ. ಯಜಮಾನರು ಮಾತ್ರ ಎರಡು ಸಲ ಕೇಳಿದರು, "ಕ್ರೇನ್ ತೆಗೀಲೇಬೇಕೇನಮ್ಮ? ನಮ್ಮ ತಂದೆ ಹಾಕಿಸಿದ್ದು." ಸ್ಕ್ರ್ಯಾಪಿಗೆ ಒಳ್ಳೇ ರೇಟ್ ಇದೆ ಸರ್ ಅಂದೆ. ಗುಜರಿಯವರನ್ನು ಕರೆಸಿದ್ದೂ ನಾನೇ. ಕಿಚನ್‌ನವರ ಫ್ಲೋರಿಂಗ್ ಕಾಂಟ್ರಾಕ್ಟರ್ ನೆಲ ನೋಡೋಕೆ ಬರುವುದೂ ಅದೇ ದಿನ. ಒಂದೇ ಸಲ ಎರಡೂ ಕೆಲಸ ಮುಗಿಯುತ್ತದೆ, ಇನ್ನೊಮ್ಮೆ ಪೀಣ್ಯದ ಟ್ರಾಫಿಕ್ಕಿನಲ್ಲಿ ಸಾಯೋದು ತಪ್ಪುತ್ತದೆ ಅಂತ ನನ್ನ ಲೆಕ್ಕ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಜರಿ ಹುಡುಗರು ಮೇಲೆ ಹತ್ತಿದ್ದರು. ಕ್ರೇನ್ ಓಡಿಸುವ ಸ್ವಿಚ್ ನೇತಾಡುವ ಪೆಂಡೆಂಟ್ ಕೇಬಲ್ ಕಟ್ ಮಾಡಿ ಪ್ಯಾನೆಲ್ ಇಳಿಸಿಯಾಗಿತ್ತು. ಎರಡನೇ ಬೇನಲ್ಲಿ ಫ್ಲೋರಿಂಗ್ ಕಾಂಟ್ರಾಕ್ಟರ್ ಕುಕ್ಕರಗಾಲಲ್ಲಿ ಕೂತು ತನ್ನ ಕುಡಿಯುವ ಬಾಟಲಿಯ ನೀರನ್ನೇ ನೆಲದ ಮೇಲೆ ಸ್ವಲ್ಪ ಸ್ವಲ್ಪ ಚೆಲ್ಲಿದರು. "ಮೇಡಂ, ಇಲ್ಲಿ ನೋಡಿ." ಕಾಂಕ್ರೀಟು ನೀರು ಕುಡಿಯಬೇಕು, ಒದ್ದೆ ಮಚ್ಚೆ ಆಗಬೇಕು. ಇಲ್ಲಿ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿಹನಿಯಾಗಿ ನಿಂತಿತು. ಬಾಗಿಲ ಹತ್ತಿರ ಹಾಕಿದರು, ಅಲ್ಲೂ ಅದೇ. ಉಳಿಯಲ್ಲಿ ಒಂದು ಚೂರು ಎಬ್ಬಿಸಿದರು. ಎರಡು ಬೆರಳು ಆಳಕ್ಕೂ ಕಪ್ಪು. ಮೂಗಿನ ಹತ್ತಿರ ಹಿಡಿದರೆ ಕಟಿಂಗ್ ಆಯಿಲ್ ವಾಸನೆ. ಲೇತುಗಳು ವರ್ಷಗಟ್ಟಲೆ ಸುರಿಸಿದ ಎಣ್ಣೆಯನ್ನೆಲ್ಲ ನೆಲ ಕುಡಿದಿತ್ತು. ಇದರ ಮೇಲೆ ಕಿಚನ್‌ಗೆ ಬೇಕಾದ ಪಿಯು ಫ್ಲೋರಿಂಗ್, ಅಂದರೆ ಪಾಲಿಯುರೆಥೇನ್ ಪದರ ಹಾಕಿದರೆ ಹಪ್ಪಳದ ಹಾಗೆ ಏಳುತ್ತದೆ, ಡಿಗ್ರೀಸ್ ಮಾಡಿದರೂ ಒಳಗಿಂದ ಮತ್ತೆ ಬರುತ್ತದೆ, ಪೂರ್ತಿ ಒಡೆದು ಹೊಸದಾಗಿ ಹಾಕಬೇಕು, ಚದರಡಿಗೆ 250 ರೂಪಾಯಿ ಇಟ್ಟುಕೊಳ್ಳಿ ಅಂದರು. ಅಂದರೆ 30 ಲಕ್ಷ.

ಆ ಕ್ಷಣವೇ ನಾನು ಮೇಲಿನವರಿಗೆ ನಿಲ್ಲಿಸಿ ಅನ್ನಬೇಕಿತ್ತು, ಅಲ್ವಾ? ಅನ್ನಲಿಲ್ಲ. ಕಿಚನ್ ಕಂಪನಿಯ ಪ್ರಾಜೆಕ್ಟ್ ಹೆಡ್ ಶಟರಿನ ಹೊರಗೆ ಫೋನಿನಲ್ಲಿದ್ದರು. ಅವರು ಖರ್ಚು ಹಂಚಿಕೊಳ್ಳಬಹುದು, ಇಲ್ಲಿ ಕೆಲಸ ನಿಲ್ಲಿಸಿದರೆ ಡೀಲ್ ಅಲ್ಲಾಡುತ್ತಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ ಅಂತ ಸುಮ್ಮನೆ ನಿಂತೆ. ಮ್ಯಾನೇಜರಿಗೆ ಫೋನ್ ಮಾಡಿದೆ. ರಿವ್ಯೂ ಮೀಟಿಂಗು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಮೇಲಿಂದ, ಕ್ರೇನಿನಲ್ಲಿ ಭಾರ ಎತ್ತುವ ಹಾಯ್ಸ್ಟಿನ ವೈರ್ ರೋಪ್ ಕಟ್ಟಾಗಿ ನೆಲಕ್ಕೆ ಬಿದ್ದ ಶಬ್ದ. ಎದೆ ಧಸಕ್ಕೆಂದಿತು. ಪ್ರಾಜೆಕ್ಟ್ ಹೆಡ್ ಒಳಗೆ ಬಂದು ಕಪ್ಪು ಚೂರನ್ನು ನೋಡಿ, "ಫ್ಲೋರ್ ಓನರ್ ಸ್ಕೋಪ್, ಪ್ಲಸ್ ಆರು ತಿಂಗಳು ರೆಂಟ್ ಫ್ರೀ" ಅಂದು ಕಾರು ಹತ್ತಿದರು. ನೆಲದ ಖರ್ಚೆಲ್ಲ ಯಜಮಾನರದೇ ಅಂತ ಅರ್ಥ. ಆಗ ಕೂಗಿದೆ. ಗ್ಯಾಸ್ ಕಟರ್ ಸದ್ದಿಗೆ ಯಾರಿಗೂ ಕೇಳಿಸುತ್ತಿಲ್ಲ. ಕೊನೆಗೆ ಕೆಳಗಿದ್ದ ಹುಡುಗ ಓಡಿ ಹೋಗಿ ಸಿಲಿಂಡರಿನ ವಾಲ್ವನ್ನೇ ತಿರುಗಿಸಿದ. ಗರ್ಡರಿನ ತುದಿಯ ಒಂದು ಬ್ರಾಕೆಟ್ ಅಷ್ಟೇ ಹೋಗಿತ್ತು.

ತಮಾಷೆ ಅಂದರೆ ದಾರಿ ತೋರಿಸಿದ್ದು ಆ ಗುಜರಿ ಮೇಸ್ತ್ರಿಯೇ. ಕೆಲಸ ಕೆಟ್ಟಿತು ಅಂತ ಬೈಯುತ್ತಾ ಚಹಾ ಕುಡಿಯುತ್ತಿದ್ದವರು, "ಅಕ್ಕಾ, ಕ್ರೇನ್ ಸಮೇತ ಬಾಡಿಗೆಗೆ ಕೊಡೋದಾದ್ರೆ ಹೇಳಿ, ಹಳೇ ಸಿಎನ್‌ಸಿ ಮಷಿನ್ ವ್ಯಾಪಾರದವರು ಒಬ್ಬರು ಜಾಗ ಹುಡುಕ್ತಾ ಇದಾರೆ" ಅಂದರು. ಸಿಎನ್‌ಸಿ ಅಂದರೆ ಕಂಪ್ಯೂಟರ್ ಓಡಿಸುವ, ಲೋಹ ಕೊರೆಯುವ ಮಷಿನ್; ಆ ವ್ಯಾಪಾರದವರಿಗೆ ಎಣ್ಣೆ ನೆಲ ಲೆಕ್ಕಕ್ಕೇ ಇಲ್ಲ. ಮಷಿನ್ ಎತ್ತಿ ಇಳಿಸೋಕೆ ಕ್ರೇನ್ ಬೇಕು, ಗಿರಾಕಿ ಎದುರಿಗೆ ಓಡಿಸಿ ತೋರಿಸೋಕೆ ಕರೆಂಟ್ ಲೋಡ್ ಬೇಕು. ಎರಡೂ ಇತ್ತು.

ರೇಟು 27. ಮ್ಯಾನೇಜರ್ ಮುಖ ಸಿಂಡರಿಸಿದರು. ಕೂತು ಐದು ವರ್ಷದ ಲೆಕ್ಕ ಹಾಕಿದೆ. ಕಿಚನ್‌ನವರದು ತಿಂಗಳಿಗೆ 4.08 ಲಕ್ಷ, ಆದರೆ ಕೈಗೆ ಬರುವುದು 54 ತಿಂಗಳು, ಅದರಲ್ಲಿ ನೆಲದ 30 ಲಕ್ಷ ಕಳೆಯಬೇಕು. ಸುಮಾರು 1.90 ಕೋಟಿ. ಮಷಿನ್‌ನವರದು 3.24 ಲಕ್ಷ, ಒಂದೇ ತಿಂಗಳು ಫ್ರೀ, 59 ತಿಂಗಳಿಗೆ 1.91 ಕೋಟಿ. ಯಜಮಾನರು ಕೈಯಿಂದ ಮೂವತ್ತು ಲಕ್ಷ ಹಾಕುವ ಮಾತೇ ಇಲ್ಲ, ಕ್ರೇನೂ ಉಳಿಯಿತು. ಕಿಚನ್‌ಗೆ ಬೇಕಾಗುವ ಡ್ರೈನ್, ಕೊಳಕು ನೀರು ಶುದ್ಧ ಮಾಡುವ ಇಟಿಪಿ ತಲೆನೋವು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಚದರಡಿ ರೇಟ್ ಒಂದನ್ನೇ ನೋಡಿ ಹಸಿರು ಬಳಿಯುವ ಶೀಟಿನಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ.

ಪ್ಯಾನೆಲ್, ರೋಪ್, ಬ್ರಾಕೆಟ್ ವೆಲ್ಡಿಂಗ್, ಲೋಡ್ ಟೆಸ್ಟ್, ಕ್ರೇನ್ ಪರೀಕ್ಷಿಸಿ ಅಧಿಕೃತ ತಜ್ಞರು ಕೊಡುವ ಕಾಂಪಿಟೆಂಟ್ ಪರ್ಸನ್ ಸರ್ಟಿಫಿಕೇಟ್, ಎಲ್ಲದರ ಬಿಲ್ಲು ನಮ್ಮ ಬ್ರೋಕರೇಜಿನಿಂದಲೇ ಹೋಯಿತು. ಈಗ ಸೈಟಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಒಂದು ಉಳಿ ಇರುತ್ತದೆ. ನೆಲ, ಕ್ರೇನ್, ಲೋಡ್, ಬಾಗಿಲು ನೋಡಿದ ಮೇಲೇ ಯಾರಿಗೆ ಫೋನ್ ಮಾಡಬೇಕು ಅಂತ ಯೋಚಿಸುತ್ತೇನೆ. ಸೈಟ್ ಫಾರ್ಮಿನಲ್ಲಿ ಕ್ರೇನಿಗೂ ನೆಲಕ್ಕೂ ಒಂದೊಂದು ಕಾಲಂ ಹಾಕಿಕೊಡಿ ಅಂತ ಮೇಲ್ ಹಾಕಿದ್ದೆ. ಮುಂದಿನ ವರ್ಷದ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ನೋಡೋಣ ಅಂತ ಉತ್ತರ ಬಂದಿದೆ. ಅಲ್ಲಿವರೆಗೆ "ಇತರೆ" ಅನ್ನುವ ಕಾಲಂನಲ್ಲಿ, ವಾಚ್‌ಮ್ಯಾನ್ ಫೋನ್ ನಂಬರಿನ ಪಕ್ಕ ಬರೆಯಬೇಕಂತೆ.